ಬೇಸಿಗೆಯಲ್ಲಿ ದೂರ ಹೋಗುವಾಗ ಟಯರ್ ಗಾಳಿ ಇಳಿಸಬೇಕಾ? ಬೆಂಗಳೂರು–ಕಲಬುರಗಿ, ಐದು ಜನ, ಲಗೇಜು

ಬಿಸಿಲ ದಾರಿ
ಮುಂದಿನ ವಾರ ಬೆಂಗಳೂರಿನಿಂದ ಕಲಬುರಗಿಗೆ ಕಾರಿನಲ್ಲಿ ಹೊರಡುವುದಿದೆ. ಹೆಚ್ಚುಕಡಿಮೆ 600 ಕಿ.ಮೀ., ಐದು ಜನ, ಡಿಕ್ಕಿ ತುಂಬ ಲಗೇಜು. ಅಲ್ಲಿ ಮಧ್ಯಾಹ್ನ 42 ಡಿಗ್ರಿ ಬಿಸಿಲು. ಟಯರ್ 185/65 ಆರ್15 88ಎಚ್. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಮೂರು ಜನಕ್ಕೆ ನಾಲ್ಕೂ ಚಕ್ರ 33, ಪೂರ್ತಿ ಲೋಡಿಗೆ ಮುಂದೆ 33, ಹಿಂದೆ 36 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಎಂದಿದೆ. ಬಂಕಿನಲ್ಲಿ ಗಾಳಿ ಹಾಕುವವರು "ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟಯರ್ ಸಿಡಿಯುತ್ತೆ, 28 ಸಾಕು" ಅನ್ನುತ್ತಾರೆ. ಇನ್ನೊಬ್ಬರು ನೈಟ್ರೋಜನ್ ಹಾಕಿಸಿ ಅನ್ನುತ್ತಾರೆ. ಯಾವುದು ಸರಿ? ಕಾರಣ ಸಮೇತ ತಿಳಿಸಿ.

ಟಯರ್ ಫಿಟ್ಟರ್ ಹುಬ್ಬಳ್ಳಿ
ಇಳಸಬ್ಯಾಡ್ರಿ. ಚೀಟಿ ಮ್ಯಾಲೆ ಇದ್ದದ್ದೇ ಖರೆ. ಐದು ಜನ, ಲಗೇಜು ಅಂದ್ರ ಹಿಂದಿನ ಎರಡಕ್ಕೂ 36. ಬೆಳಿಗ್ಗೆ ಗಾಡಿ ತಣ್ಣಗ ಇದ್ದಾಗ ಹಾಕ್ರಿ. ಬಿಸಿಲಿಗೆ ಟಯರ್ ಒಡಿಯೂದು ಗಾಳಿ ಹೆಚ್ಚಾಗಿ ಅಲ್ಲ, ಗಾಳಿ ಕಮ್ಮಿ ಆಗಿ.

ಭೌತ ಮೇಷ್ಟ್ರು
ಫಿಟ್ಟರ್ ಹೇಳಿದ್ದಕ್ಕೆ ಲೆಕ್ಕ ಕೊಡುತ್ತೇನೆ. ಒಮ್ಮೆ ಅಂಕಿಯಲ್ಲಿ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎಂಬುದನ್ನು ಮಾತ್ರ. ಹಾಗಾಗಿ ಲೆಕ್ಕ ಮಾಡುವಾಗ ಹೊರಗಿನ ಒತ್ತಡವನ್ನೂ ಕೂಡಿಸಿಕೊಳ್ಳಬೇಕು. ಸಮುದ್ರ ಮಟ್ಟದಲ್ಲಿ ಅದು 14.7 ಪಿಎಸ್‌ಐ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 13.2, ಕಲಬುರಗಿಯಲ್ಲಿ ಸುಮಾರು 13.9.

ಬೆಂಗಳೂರಿನಲ್ಲಿ ಬೆಳಿಗ್ಗೆ 22 ಡಿಗ್ರಿಯಲ್ಲಿ 33 ಹಾಕಿದಿರಿ ಅನ್ನಿ. ಒಟ್ಟು ಒತ್ತಡ 46.2. ಮಧ್ಯಾಹ್ನ ಬಿಸಿ ರಸ್ತೆಯಲ್ಲಿ ಓಡಿ ಟಯರ್ ಒಳಗಿನ ಗಾಳಿ 65 ಡಿಗ್ರಿಗೆ ಏರಿತು ಅಂದುಕೊಳ್ಳಿ. ಕೆಲ್ವಿನ್‌ನಲ್ಲಿ (ಡಿಗ್ರಿಗೆ 273 ಕೂಡಿಸಿ) 295ರಿಂದ 338. 46.2ನ್ನು 338ರಿಂದ ಗುಣಿಸಿ 295ರಿಂದ ಭಾಗಿಸಿದರೆ 52.9. ಕಲಬುರಗಿಯ 13.9 ಕಳೆದರೆ ಗೇಜ್‌ನಲ್ಲಿ 39. ಅಂದರೆ ಏರಿದ್ದು ಬರೀ 6 ಪಿಎಸ್‌ಐ. ಟಯರ್ ಮಾಡುವವರಿಗೆ ಈ ಏರಿಕೆ ಗೊತ್ತಿರುವುದೇ. ಚೀಟಿಯ ಅಂಕಿಯನ್ನು ಕೊಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ ಟಯರ್ ಬರೀ ಒತ್ತಡಕ್ಕೆ ಒಡೆಯಬೇಕಾದರೆ ಇದರ ಹಲವು ಪಟ್ಟು ಬೇಕು.

ಈಗ 28 ಹಾಕಿದರೆ ಏನಾಗುತ್ತದೆ ನೋಡಿ. ಗಾಳಿ ಕಡಿಮೆ ಇದ್ದಾಗ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ಆ ಜಾಗ ಕೈಗೆ ಬಿಸಿ ತಾಗುತ್ತದಲ್ಲ, ಹಾಗೆಯೇ. ಈ ಅಳತೆಯ ಟಯರ್ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. 100ರ ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸಲ ಮಡಚುತ್ತದೆ. ಆ ಶಾಖ ರಬ್ಬರಿನಲ್ಲೇ ಹುಟ್ಟುತ್ತದೆ, ಬಿಸಿಲಿನಿಂದ ಬರುವುದಲ್ಲ. ಶಾಖ ಏರಿದಂತೆ ಟಯರ್ ಒಳಗಿನ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲವಾಗುತ್ತದೆ, ಮೇಲಿನ ಪದರ ಕಿತ್ತುಕೊಂಡು ಬರುತ್ತದೆ.

ಮೋಸ ಇರುವುದು ಇಲ್ಲಿ: 28 ಹಾಕಿದ ಟಯರ್ 75 ಡಿಗ್ರಿಗೆ ಕಾದರೂ ಗೇಜ್ ತೋರಿಸುವುದು 35ರ ಒಳಗೆ. ಅಂಕಿ ನೋಡಿದರೆ ಚೆನ್ನಾಗಿದೆ ಅನಿಸುತ್ತದೆ, ಟಯರ್ ಮಾತ್ರ 33 ಹಾಕಿದ್ದಕ್ಕಿಂತ ಹೆಚ್ಚು ಬೇಯುತ್ತಿರುತ್ತದೆ.

ಟಯರ್ ಫಿಟ್ಟರ್ ಹುಬ್ಬಳ್ಳಿ
ಮೇಷ್ಟ್ರ ಲೆಕ್ಕಕ್ಕ ಒಂದು ಮಾತು ಸೇರಸ್ತೀನಿ. ದಾರ್ಯಾಗ ಚಹಾ ಕುಡಿಯಾಕ ನಿಂತಾಗ ಗೇಜ್ ಹಚ್ಚಿ, 39 ಐತಿ ಅಂತ ಹೆದರಿ ಗಾಳಿ ಬಿಡಬ್ಯಾಡ್ರಿ. ಇದು ಭಾಳ ಮಂದಿ ಮಾಡೂ ತಪ್ಪು.

ಭೌತ ಮೇಷ್ಟ್ರು
ಹೌದು. 65 ಡಿಗ್ರಿಯಲ್ಲಿ 39ರಿಂದ 33ಕ್ಕೆ ಇಳಿಸಿದರೆ, ಬೆಂಗಳೂರಿಗೆ ವಾಪಸ್ ಬಂದು ಬೆಳಿಗ್ಗೆ ತಣ್ಣಗೆ ಅಳೆದಾಗ 28 ಕೂಡ ಇರುವುದಿಲ್ಲ. 5 ಪಿಎಸ್‌ಐಗೂ ಹೆಚ್ಚು ಕೊರತೆ. ಬಿಸಿ ಟಯರಿಗೆ ಗಾಳಿ ಹಾಕಲೇಬೇಕಾಗಿ ಬಂದರೆ ಚೀಟಿಯ ಅಂಕಿಗಿಂತ 3ರಿಂದ 4 ಹೆಚ್ಚು ಹಾಕಿ, ಮರುದಿನ ಬೆಳಿಗ್ಗೆ ತಣ್ಣಗೆ ಸರಿಮಾಡಿಕೊಳ್ಳಿ.

ಹಳೇ ಸ್ಟೇರಿಂಗ್
ಲೆಕ್ಕ ಸರಿ ಇರಬಹುದು ಸರ್. ಆದರೆ ಯಮುನಾ ಎಕ್ಸ್‌ಪ್ರೆಸ್‌ವೇ, ನಾಗ್ಪುರದ ಸಮೃದ್ಧಿ ಮಹಾಮಾರ್ಗ, ಎರಡೂ ಕಾಂಕ್ರೀಟ್ ರಸ್ತೆ. ಬೇಸಿಗೆಯಲ್ಲಿ ಟಯರ್ ಸಿಡಿಯುವ ಸುದ್ದಿ ಬರುವುದೆಲ್ಲ ಅಂಥ ಕಡೆಯಿಂದಲೇ. ಊರೊಳಗೆ ಅದೇ ಗಾಳಿಯಲ್ಲಿ ಓಡಿದ ಗಾಡಿಗೆ ಏನೂ ಆಗುವುದಿಲ್ಲ. ಅಂದಮೇಲೆ ಅಂಥ ರಸ್ತೆಗೆ ಸ್ವಲ್ಪ ಕಡಿಮೆ ಇಟ್ಟರೆ ತಪ್ಪೇನು?

ಲಾರಿ ಲೆಕ್ಕ
ನಿಮ್ಮ ಮಾತಿನಲ್ಲೇ ಉತ್ತರ ಇದೆ. ಊರೊಳಗೆ 26 ಪಿಎಸ್‌ಐನಲ್ಲಿ ಓಡಿದರೆ ಸಿಗ್ನಲ್ಲು, ಹಂಪು, ಟ್ರಾಫಿಕ್ಕು ಅಂತ ಟಯರಿಗೆ ಆರಲು ಸಮಯ ಸಿಗುತ್ತದೆ. ಎಕ್ಸ್‌ಪ್ರೆಸ್‌ವೇ ಮೇಲೆ ಎರಡು ಗಂಟೆ ಬಿಡುವೇ ಇಲ್ಲ, ಒಂದೇ ವೇಗ. ಹುಟ್ಟಿದ ಶಾಖ ಹೊರಗೆ ಹೋಗುವುದಕ್ಕಿಂತ ಬೇಗ ಕೂಡುತ್ತಾ ಹೋಗುತ್ತದೆ. ರಸ್ತೆಯ ಕಾವು ಅದಕ್ಕೆ ಸೇರುತ್ತದೆ, ಆದರೆ ಮೂಲ ಅದಲ್ಲ. ತಿಂಗಳುಗಟ್ಟಲೆ ಊರಲ್ಲಿ ಕಡಿಮೆ ಗಾಳಿಯಲ್ಲಿ ನವೆದ ಟಯರ್ ಮೊದಲ ಸಲ ಉದ್ದ ರಸ್ತೆಗೆ ಬಂದ ದಿನವೇ ಕೈ ಕೊಡುವುದು ಇದೇ ಕಾರಣಕ್ಕೆ.

ಅಮೆರಿಕದ ಫೋರ್ಡ್ ಎಕ್ಸ್‌ಪ್ಲೋರರ್ ಪ್ರಕರಣ ಇದಕ್ಕೆ ದೊಡ್ಡ ಪಾಠ. ಆ ಗಾಡಿ ಮಗುಚುವ ಅಪಾಯ ಕಡಿಮೆಯಾಗಲಿ, ಸವಾರಿ ಮೆತ್ತಗಿರಲಿ ಅಂತ ಫೋರ್ಡ್ 26 ಪಿಎಸ್‌ಐ ಸೂಚಿಸಿತ್ತು. ಅದಕ್ಕೆ ಹಾಕಿದ್ದ ಫೈರ್‌ಸ್ಟೋನ್ ಟಯರುಗಳ ಮೇಲ್ಪದರ ಓಡುವಾಗಲೇ ಕಿತ್ತು ಬರತೊಡಗಿ, ಗಾಡಿಗಳು ಮಗುಚಿದವು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ 65 ಲಕ್ಷ ಟಯರ್ ವಾಪಸ್ ಕರೆಸಿತು. ಮೊದಲು ಬದಲಿಸಿ ಕೊಟ್ಟದ್ದು ಅರಿಜೋನಾ, ಟೆಕ್ಸಾಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾದಂಥ ಸೆಕೆ ರಾಜ್ಯಗಳಲ್ಲಿ. ಟಯರಿನಲ್ಲೂ ದೋಷ ಇತ್ತು, ಎಲ್ಲವನ್ನೂ ಗಾಳಿಯ ಮೇಲೆ ಹೊರಿಸಲಾಗದು. ಆದರೆ ಕಡಿಮೆ ಗಾಳಿ, ಹೆಚ್ಚು ಲೋಡು, ಸೆಕೆ, ವೇಗ ನಾಲ್ಕೂ ಒಟ್ಟಿಗೆ ಬಂದ ಕಡೆ ಹೊಡೆತ ಬಿತ್ತು. ಫೈರ್‌ಸ್ಟೋನ್ ಅವರೇ ಆಮೇಲೆ 30 ಇಡಿ ಎಂದರು. ಗಮನಿಸಿ: ಸೆಕೆಗೆ ಇಳಿಸಿ ಎನ್ನಲಿಲ್ಲ, ಏರಿಸಿ ಎಂದರು.

ಹಳೇ ಸ್ಟೇರಿಂಗ್
ಈಗ ಅರ್ಥವಾಯಿತು. ಹಾಗಾದರೆ ಸುರಕ್ಷೆಗೆ ಅಂತ 40 ಹಾಕಿಬಿಟ್ಟರೆ? ಟಯರ್ ಗೋಡೆಯ ಮೇಲೆ ಗರಿಷ್ಠ 51 ಪಿಎಸ್‌ಐ ಅಂತ ಬರೆದಿದೆಯಲ್ಲ.

ಟಯರ್ ಫಿಟ್ಟರ್ ಹುಬ್ಬಳ್ಳಿ
ಅದು ಟಯರಿನ ಮಿತಿರೀ, ನಿಮ್ಮ ಗಾಡಿಗೆ ಹಾಕೂ ಅಳತಿ ಅಲ್ಲ. ಅದೇ ಟಯರ್ ಬ್ಯಾರೆ ಬ್ಯಾರೆ ತೂಕದ ಗಾಡಿಗೆ ಹೋಗ್ತೈತಿ. ಗಾಡಿ ಲೆಕ್ಕ ಬಾಗಿಲ ಕಂಬದ ಮ್ಯಾಲೆ, ಕೆಲವಕ್ಕ ಪೆಟ್ರೋಲ್ ಮುಚ್ಚಳದ ಒಳಗ, ಇಲ್ಲಾ ಕೈಪಿಡಿಯೊಳಗ ಇರ್ತೈತಿ. 40 ಹಾಕಿದ್ರ ಟಯರ್ ನಡುವ ಉಬ್ಬಿ ಅಂಚು ನೆಲಕ್ಕ ಸರಿಯಾಗಿ ತಾಗೂದಿಲ್ಲ, ಬ್ರೇಕ್ ಹಿಡಿತ ಕಮ್ಮಿ, ಗುಂಡಿಗೆ ಬಿದ್ರ ಒಳಗಿನ ನೂಲು ಹರೀತೈತಿ. ಸೈಡಿಗೆ ನಿಂಬಿಹಣ್ಣಿನಷ್ಟು ಉಬ್ಬು ಬಂತಂದ್ರ ಅದು ನೂಲು ಹರದದ್ದು. ರಿಪೇರಿ ಇಲ್ಲ, ಟಯರ್ ಬದಲಿ ಮಾಡಬೇಕು. ಗಾಳಿ ಕಮ್ಮಿ ಇದ್ರೂ ಇದೇ ಉಬ್ಬು ಬರ್ತೈತಿ, ಯಾಕಂದ್ರ ರಿಮ್ಮಿಗೂ ಗುಂಡಿ ಅಂಚಿಗೂ ನಡುವ ಗೋಡೆ ಚಿಮಟಿಗೆ ಸಿಕ್ಕಂಗ ಆಗ್ತೈತಿ.

ಸವೆತ ಓದೂದು ಕಲೀರಿ. ನಡುವ ಅಷ್ಟೇ ಸವದಿದ್ರ ಗಾಳಿ ಹೆಚ್ಚು. ಎರಡೂ ಅಂಚು ಸವದಿದ್ರ ಗಾಳಿ ಕಮ್ಮಿ. ಒಂದೇ ಅಂಚು ಸವದಿದ್ರ ಗಾಳಿ ಅಲ್ಲ, ಅಲೈನ್‌ಮೆಂಟ್ ನೋಡಸ್ರಿ.

ಭೌತ ಮೇಷ್ಟ್ರು
ಭಾರ ಹೊರುವುದು ರಬ್ಬರ್ ಅಲ್ಲ, ಗಾಳಿ. 32 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 2.25 ಕೆ.ಜಿ. ಜನ ಸೇರಿ 1,300 ಕೆ.ಜಿ. ತೂಗುವ ಕಾರಿನಲ್ಲಿ ಒಂದು ಚಕ್ರದ ಪಾಲು 325 ಕೆ.ಜಿ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 144 ಚದರ ಸೆಂ.ಮೀ., 12 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ನಿಮ್ಮ ಅಂಗೈಯನ್ನು ಬೆರಳು ಸೇರಿಸಿ ನೆಲಕ್ಕೆ ಊರಿದರೆ ಎಷ್ಟೋ ಅಷ್ಟು. ಬ್ರೇಕು, ತಿರುವು, ಎಲ್ಲ ನಡೆಯುವುದು ಆ ನಾಲ್ಕು ಅಂಗೈಗಳ ಮೇಲೆ.

ನಿಮ್ಮ ಟಯರಿನ 88 ಎಂಬ ಅಂಕಿ ಅಂದರೆ 560 ಕೆ.ಜಿ. ಹೊರುವ ಶಕ್ತಿ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ಆ 560 ಸಿಗುವುದು 36 ಪಿಎಸ್‌ಐ ಇದ್ದಾಗ. 26ಕ್ಕೆ ಇಳಿದರೆ ಅದೇ ಟಯರ್ ಹೊರಬಲ್ಲದ್ದು ಸುಮಾರು 430 ಮಾತ್ರ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಸಾಮಾನು ಇದ್ದರೆ ಹಿಂದಿನ ಚಕ್ರಗಳು ಆ ಮಿತಿಗೆ ಹತ್ತಿರ ಬಂದಿರುತ್ತವೆ. ಲೋಡಿಗೆ ಅಂತ ಹಿಂದೆ ಬೇರೆ ಅಂಕಿ ಕೊಟ್ಟಿರುವುದು ಅದಕ್ಕೇ.

ಕುಡ್ಲ ಕಾರ್
ಬೇಸಿಗೆ ಮಾತ್ರ ಅಲ್ಲ ಮಾರಾಯ್ರೆ, ಮಳೆಗಾಲದ್ದು ಕೂಡ ಹೇಳ್ಬೇಕು. ಶಿರಾಡಿ, ಚಾರ್ಮಾಡಿ ಕಡೆ ರಸ್ತೆಯಲ್ಲಿ ನೀರು ನಿಂತಿದ್ರೆ ಟಯರ್ ನೀರಿನ ಮೇಲೆ ತೇಲುವುದು ಉಂಟು. ಸ್ಟೇರಿಂಗ್ ಒಮ್ಮೆಲೆ ಹಗುರ ಆಗ್ತದೆ, ಬ್ರೇಕ್ ಒತ್ತಿದ್ರೂ ಗಾಡಿ ಜಾರ್ತದೆ. ಗಾಳಿ ಕಡಿಮೆ ಇದ್ರೆ ನಡು ಭಾಗ ಒಳಗೆ ಕುಗ್ಗಿ ನೀರನ್ನು ಹೊರಗೆ ತಳ್ಳುವ ಬಲ ಇರುವುದಿಲ್ಲ. ಗ್ರಿಪ್ ಸವೆದ ಟಯರಿಗೆ ನಾಸಾದವರು ಕೊಟ್ಟ ಸೂತ್ರ ಉಂಟು: ಪಿಎಸ್‌ಐಯ ವರ್ಗಮೂಲವನ್ನು 16.6ರಿಂದ ಗುಣಿಸಿದ್ರೆ ತೇಲಲು ಸುರುವಾಗುವ ವೇಗ ಕಿ.ಮೀ.ಯಲ್ಲಿ ಸಿಗ್ತದೆ. 32ಕ್ಕೆ 94, 24ಕ್ಕೆ 81, 20ಕ್ಕೆ 74. ಘಟ್ಟ ಇಳಿದು ನೇರ ರಸ್ತೆ ಸಿಕ್ಕಿದ ಕೂಡ್ಲೆ 80ಕ್ಕೆ ಹೋಗುವವರು ಈ ಲೆಕ್ಕ ನೆನಪಿಡಬೇಕು. ಗ್ರಿಪ್ 1.6 ಮಿ.ಮೀ.ಗೆ ಇಳಿದ್ರೆ ಟಯರ್ ಮುಗಿದ ಹಾಗೆ. ಗೆರೆಗಳ ಒಳಗೆ ಅಡ್ಡ ಇರುವ ಸಣ್ಣ ದಿಂಡು ಮೇಲ್ಮೈಗೆ ಸಮ ಆಗಿದ್ರೆ ಅಷ್ಟಾಗಿದೆ ಎಂದು ಅರ್ಥ. ಮಳೆಗೆ ನಾನಾದ್ರೆ 3 ಮಿ.ಮೀ.ಗೇ ಬದಲಿಸಿ ಅಂತ ಹೇಳುವುದು.

ಮತ್ತೆ, ಮಂಗಳೂರಿಂದ ಬೆಂಗಳೂರಿಗೆ ಹತ್ತಿದ್ರೆ ಎತ್ತರಕ್ಕೆ ಗೇಜ್ ಏರ್ತದೆ ಅಂತ ಗಾಳಿ ಬಿಡುವವರಿದ್ದಾರೆ. ಅದು ಸರಿಯಾ?

ಭೌತ ಮೇಷ್ಟ್ರು
ಎತ್ತರದಿಂದ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಂಗಳೂರಿನ 32 ಡಿಗ್ರಿಯಿಂದ ಬೆಂಗಳೂರಿನ ಬೆಳಗಿನ 22ಕ್ಕೆ ಇಳಿದಾಗ ಚಳಿಯಿಂದ ಒಂದೂವರೆ ಇಳಿಯುತ್ತದೆ. ಸರಿಗೆ ಸರಿ. ಏನೂ ಮಾಡಬೇಡಿ.

ಬಿಸಿಲ ದಾರಿ
ಅಳೆಯುವ ಸರಿಯಾದ ಕ್ರಮ ಹೇಳಿ. ಎರಡು ಬಂಕಿನಲ್ಲಿ ಎರಡು ಅಂಕಿ ಬರುತ್ತಿದೆ.

ಟಯರ್ ಫಿಟ್ಟರ್ ಹುಬ್ಬಳ್ಳಿ
ಸ್ವಂತ ಗೇಜ್ ಇಟ್ಟುಕೊಳ್ರಿ. ಬಂಕಿನ ಮಷಿನ್ ಪೈಪು ದಿನಕ್ಕ ನೂರು ಸಲ ನೆಲಕ್ಕ ಬೀಳ್ತೈತಿ, ಬಾಯಿ ಸವೀತೈತಿ. ಅರ್ಧ ಪಿಎಸ್‌ಐ ತೋರ್ಸೂ ಡಿಜಿಟಲ್ ಗೇಜ್ ಸಾಕು. ಯಾವಾಗಲೂ ಒಂದೇ ಗೇಜ್ ಬಳಸ್ರಿ.

ಗಾಡಿ ಕನಿಷ್ಠ 3 ತಾಸು ನೆರಳಾಗ ನಿಂತಿರಬೇಕು, ಇಲ್ಲಾ 2 ಕಿ.ಮೀ. ಒಳಗ ನಿಧಾನ ಓಡಿರಬೇಕು. ಒಂದು ಬದಿಗೆ ಬಿಸಿಲು ಬಿದ್ದಿದ್ರ ಆ ಬದಿ ಟಯರ್ ಒಂದೆರಡು ಹೆಚ್ಚು ತೋರಸ್ತಾವು, ಮೋಸ ಹೋಗಬ್ಯಾಡ್ರಿ. ವಾಲ್ (ಗಾಳಿ ತುಂಬೂ ನಳಿಗಿ) ಮುಚ್ಚಳ ತಗದು ಬಾಯಿ ಒಳಗಿನ ಮಣ್ಣು ಒರಸ್ರಿ. ಗೇಜ್ ನೇರ ಇಟ್ಟು ಒಂದೇ ಪೆಟ್ಟಿಗೆ ಒತ್ತರಿ. ಸುಯ್ ಅಂತ ಗಾಳಿ ಸೋರಿದ್ರ ಆ ಅಳತಿ ಬಿಟ್ಟು ಮತ್ತ ಅಳೀರಿ. ಎರಡು ಸಲ ಒಂದೇ ಬಂದ್ರ ಬರಕೊಳ್ರಿ.

ಅಳದ ಮ್ಯಾಲೆ ವಾಲ್ ಬಾಯಿಗೆ ಒಂದು ಹನಿ ಸೋಪಿನ ನೀರು ಹಚ್ಚರಿ. ಗುಳ್ಳಿ ಎದ್ದರ ಒಳಗಿನ ಪಿನ್ ಸಡಿಲ, ಇಲ್ಲಾ ಹಾಳಾಗೈತಿ. ಪಿನ್ ಕೀ ಹಾಕಿ ಬಿಗಿ ಮಾಡಿದ್ರ ನಿಲ್ತೈತಿ, ನಿಲ್ಲದಿದ್ರ ಪಿನ್ ಬದಲಿ. ವಾಲ್ ಕುತ್ತಿಗಿ ಬಗ್ಗಿಸಿ ನೋಡ್ರಿ, ಬುಡದಾಗ ಸೀಳು ಕಂಡ್ರ ಹೊಸಾ ವಾಲ್ ಹಾಕಸ್ರಿ. ಹೊಸಾ ಟಯರ್ ಹಾಕಿದಾಗೆಲ್ಲಾ ರಬ್ಬರ್ ವಾಲ್ ಹೊಸದು ಹಾಕಬೇಕು. ಟಯರ್ ಬೆಲಿ ಮುಂದ ಅದರ ಬೆಲಿ ಏನೂ ಅಲ್ಲ. ಮುಚ್ಚಳ ಕಳಕೊಂಡು ಓಡಾಡಬ್ಯಾಡ್ರಿ. ಅದು ಶೋಕಿಗೆ ಅಲ್ಲ, ಮಣ್ಣು ನೀರು ತಡಿಯಾಕ.

ಏನೂ ತೂತಿಲ್ಲದ ಟಯರಿನಾಗೂ ತಿಂಗಳಿಗೆ 1–2 ಪಿಎಸ್‌ಐ ಇಳೀತೈತಿ. ಅದಕ್ಕ 15 ದಿನಕ್ಕೊಮ್ಮೆ ನೋಡ್ರಿ, ದೂರ ಹೋಗೂ ಮುಂಚೆ ಅಂತೂ ನೋಡಲೇಬೇಕು.

ಬಿಸಿಲ ದಾರಿ
ನೈಟ್ರೋಜನ್?

ಭೌತ ಮೇಷ್ಟ್ರು
ಸಾಮಾನ್ಯ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಬಿಸಿಗೆ ಹಿಗ್ಗುವ ಲೆಕ್ಕ ಎರಡಕ್ಕೂ ಒಂದೇ. ಲಾಭ ಎರಡು: ನೀರಿನ ಆವಿ ಇರುವುದಿಲ್ಲ, ರಬ್ಬರಿನ ಮೂಲಕ ಸೋರುವುದು ಸ್ವಲ್ಪ ನಿಧಾನ. ಹಾಕಿಸಿದರೆ ತಪ್ಪಿಲ್ಲ, ಆದರೆ ಅಳೆಯುವುದು ತಪ್ಪುವುದಿಲ್ಲ. ದಾರಿಯಲ್ಲಿ ನೈಟ್ರೋಜನ್ ಸಿಗಲಿಲ್ಲವೆಂದು ಕಡಿಮೆ ಗಾಳಿಯಲ್ಲೇ ಓಡಿಸುವವರಿದ್ದಾರೆ, ಅದು ಅಪಾಯ. ಮಾಮೂಲಿ ಗಾಳಿ ಬೆರೆಸಬಹುದು. ಬಂಕಿನಲ್ಲಿ ಅದು ಉಚಿತ, ಕೊಡಲೇಬೇಕು.

ಸ್ಕೂಟರ್ ಸವಾರಿ
ದ್ವಿಚಕ್ರದವರೂ ಓದುತ್ತಿರಬಹುದು. 100–125 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28–29, ಇಬ್ಬರಿದ್ದರೆ 36ರಿಂದ 41. ನಿಮ್ಮ ಗಾಡಿಯ ಚೈನ್ ಕವರ್ ಮೇಲೋ ಕೈಪಿಡಿಯಲ್ಲೋ ಇರುವ ಅಂಕಿ ನೋಡಿ. ಹಿಂದೆ ಹೆಂಡತಿ ಮಗುವನ್ನು ಕೂರಿಸಿಕೊಂಡು 25ರಲ್ಲಿ ಓಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತಿರುವಿನಲ್ಲಿ ಹಿಂಬದಿ ಬಳುಕುವುದು ಶುರುವಾದರೆ ಮೊದಲು ಗಾಳಿ ನೋಡಿ.

ಲಾರಿ ಲೆಕ್ಕ
ಲಾರಿಯವರಿಗೆ ಎರಡು ಮಾತು. ರಾಡಿನಿಂದ ಟಯರಿಗೆ ಹೊಡೆದು ಸದ್ದು ಕೇಳಿ ಗಾಳಿ ಗೊತ್ತುಮಾಡುವ ಪದ್ಧತಿ ಇದೆ. ಪೂರ್ತಿ ಫ್ಲ್ಯಾಟ್ ಆಗಿದ್ದರೆ ಅದರಿಂದ ತಿಳಿಯುತ್ತದೆ, 110 ಇರಬೇಕಾದದ್ದು 85 ಇದ್ದರೆ ತಿಳಿಯುವುದಿಲ್ಲ. ಹಿಂದಿನ ಜೋಡಿ ಟಯರಿನಲ್ಲಿ ಒಳಗಿನದ್ದರ ಗಾಳಿ ಇಳಿದರೆ ಹೊರಗಿನದ್ದು ಎರಡರ ಭಾರವನ್ನೂ ಹೊರುತ್ತದೆ, ನೋಡುವವರಿಗೆ ಏನೂ ಕಾಣುವುದಿಲ್ಲ. ಒಳ ಟಯರಿಗೆ ವಾಲ್ ಎಕ್ಸ್‌ಟೆನ್ಷನ್ ಹಾಕಿಸಿದರೆ ಅಳೆಯಲು ಸೋಮಾರಿತನ ಬರುವುದಿಲ್ಲ.

ಇರಬೇಕಾದ್ದರ ಶೇ 80 ಅಥವಾ ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಲಾರಿ ಟಯರಿಗೆ ಹಾಗೇ ಗಾಳಿ ತುಂಬಬಾರದು. 110ಕ್ಕೆ ಶೇ 80 ಅಂದರೆ 88. ಬಿಚ್ಚಿ ಒಳಗೋಡೆ ನೋಡಬೇಕು. ಉಕ್ಕಿನ ಎಳೆಗಳು ಬಗ್ಗಿ ಬಗ್ಗಿ ತುಂಡಾಗಿದ್ದರೆ ಗಾಳಿ ತುಂಬುವಾಗಲೇ ಗೋಡೆ ಜಿಪ್ ಹರಿದಂತೆ ಸೀಳಿ ಸಿಡಿಯುತ್ತದೆ, ಎದುರಿಗೆ ಇದ್ದವರು ಉಳಿಯುವುದು ಕಷ್ಟ. ಕಬ್ಬಿಣದ ಪಂಜರದೊಳಗೆ ಇಟ್ಟು, ಕಚ್ಚಿಕೊಳ್ಳುವ ಬಾಯಿ ಇರುವ ಉದ್ದ ಪೈಪಿನಿಂದ, ಟಯರಿನ ಪಕ್ಕದ ದಿಕ್ಕು ಬಿಟ್ಟು ದೂರ ನಿಂತು ತುಂಬಬೇಕು. ತುಂಬುವಾಗ ಪಟಪಟ ಸದ್ದು ಬಂದರೆ ಹತ್ತಿರ ಹೋಗಬೇಡಿ, ದೂರದಿಂದಲೇ ಗಾಳಿ ಬಿಡಿ.

ಹಳೇ ಸ್ಟೇರಿಂಗ್
ಈಗಿನ ಕಾರುಗಳಲ್ಲಿ ಟಯರ್ ಒತ್ತಡದ ದೀಪ ಬರುತ್ತದೆ. ಅದಿದ್ದರೆ ಗೇಜ್ ಬೇಕಾ?

ಕುಡ್ಲ ಕಾರ್
ಬೇಕು. ಅಮೆರಿಕದಲ್ಲಿ ಎಕ್ಸ್‌ಪ್ಲೋರರ್ ಗಲಾಟೆ ಆದ ಮೇಲೆ ತಂದ ನಿಯಮದಲ್ಲಿ ದೀಪ ಹತ್ತಬೇಕಾದ್ದು ಚೀಟಿಯ ಅಂಕಿಗಿಂತ ಶೇ 25 ಇಳಿದಾಗ. 33 ಇದ್ರೆ 25ಕ್ಕೆ ಬರುವವರೆಗೆ ದೀಪ ಸುಮ್ಮನಿರಬಹುದು. ಕೆಲವು ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರೇ ಇಲ್ಲ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದ ಹಾಗೆ ನೋಡುವ ವ್ಯವಸ್ಥೆ) ಸೆನ್ಸರಿನಿಂದ ಯಾವ ಚಕ್ರ ಬೇಗ ತಿರುಗ್ತದೆ ಅಂತ ನೋಡಿ ಊಹಿಸ್ತದೆ. ನಾಲ್ಕೂ ಸಮನಾಗಿ ಇಳಿದ್ರೆ ಅದಕ್ಕೆ ಗೊತ್ತಾಗುವುದು ಕಷ್ಟ. ಅಂಥದ್ದರಲ್ಲಿ ಗಾಳಿ ಹಾಕಿದ ಮೇಲೆ ಸೆಟ್ ಬಟನ್ ಒತ್ತಲೇಬೇಕು. ಕಡಿಮೆ ಇದ್ದಾಗ ಒತ್ತಿದ್ರೆ ಅದನ್ನೇ ಸರಿ ಅಂತ ಕಲಿತುಕೊಳ್ತದೆ.

ಬಿಸಿಲ ದಾರಿ
ಗೇಜ್ ತಂದು ಇವತ್ತು ಬೆಳಿಗ್ಗೆ ತಣ್ಣಗೆ ಅಳೆದ ಅಂಕಿಗಳು: ಮುಂದೆ ಎಡ 30, ಬಲ 30; ಹಿಂದೆ ಎಡ 25.5, ಬಲ 29.5, ಸ್ಟೆಪ್ನಿ 18. ಟಯರ್ ಮೇಲೆ ಕೊನೆಯ ನಾಲ್ಕಂಕಿ 2321.

ಟಯರ್ ಫಿಟ್ಟರ್ ಹುಬ್ಬಳ್ಳಿ
2321 ಅಂದ್ರ 2021ರ 23ನೇ ವಾರ ತಯಾರಾದದ್ದು. ಗೋಡೆ ಮ್ಯಾಲೆ ಸೀಳು, ಉಬ್ಬು ಇರದಿದ್ರ ಓಡಸ್ರಿ. ಮೂರು ಟಯರ್ 30ರ ಹತ್ತಿರ ಅದಾವು, ಅದು ದಿನಾ ದಿನಾ ಇಳದದ್ದು. ಹಿಂದಿನ ಎಡ 4 ಕಮ್ಮಿ ಐತಂದ್ರ ಎಲ್ಲೋ ಸೋರಾಕತ್ತೈತಿ. ಅದಕ್ಕ 36 ಹಾಕಿ, ಸೋಪಿನ ನೀರು ಮೊದಲು ವಾಲಿಗೆ, ಆಮೇಲೆ ರಿಮ್ ಅಂಚಿಗೆ ಸುತ್ತಲೂ, ಕಡೀಕ ಗ್ರಿಪ್ಪಿಗೆ ಹಚ್ಚರಿ. ಅರ್ಧ ಸುತ್ತು ಗಾಡಿ ಸರಿಸಿ ಕೆಳಗಿನ ಭಾಗಕ್ಕೂ ಹಚ್ಚರಿ. ಸ್ಟೆಪ್ನಿ ಅದೇ ಸೈಜಿದ್ರ 36 ಹಾಕ್ರಿ. ಮುಂದ ಹಾಕಬೇಕಾದ್ರ ಗಾಳಿ ಬಿಟ್ಟು 33 ಮಾಡಬಹುದು, ದಾರ್ಯಾಗ ತುಂಬೂದು ಕಷ್ಟ. ಸಣ್ಣ ತಾತ್ಕಾಲಿಕ ಸ್ಟೆಪ್ನಿ ಇದ್ರ ಅದರ ಮ್ಯಾಲೆ ಬರದದ್ದು ನೋಡ್ರಿ, ಅವಕ್ಕ 60 ಪಿಎಸ್‌ಐ ಇರ್ತೈತಿ, 80ರ ಮ್ಯಾಲೆ ಓಡಿಸಬಾರದು.

ಬಿಸಿಲ ದಾರಿ
ಸ್ಟೆಪ್ನಿ ಅದೇ ಸೈಜು. ಹಿಂದಿನ ಎಡಕ್ಕೆ ಗ್ರಿಪ್ ನಡುವೆ ಗುಳ್ಳೆ ಬಂತು. ಸಣ್ಣ ಮೊಳೆ, ತಲೆ ಸವೆದು ಹೊಳೆಯುತ್ತಿದೆ. ಹೊರ ಅಂಚಿನಿಂದ 6 ಸೆಂ.ಮೀ. ಒಳಗಿದೆ. ಕೀಳಲಾ?

ಟಯರ್ ಫಿಟ್ಟರ್ ಹುಬ್ಬಳ್ಳಿ
ಕೀಳಬ್ಯಾಡ್ರಿ. 36 ಗಾಳಿ ಇಟ್ಟು ನಿಧಾನಕ್ಕ ಅಂಗಡಿಗೆ ಒಯ್ಯಿರಿ, ದೂರ ಇದ್ರ ಸ್ಟೆಪ್ನಿ ಹಾಕ್ಕೊಂಡು ಹೋಗ್ರಿ. ಗೋಡೆ, ಭುಜ (ಗೋಡೆ ಗ್ರಿಪ್ ಕೂಡೂ ಅಂಚು) ಬಿಟ್ಟು ಗ್ರಿಪ್ ನಡುವ ಐತಿ, ತೂತು 6 ಮಿ.ಮೀ. ಒಳಗಿದ್ರ ರಿಪೇರಿ ಆಗ್ತೈತಿ. ಹೊರಗಿಂದ ರಬ್ಬರ್ ಬತ್ತಿ ಚುಚ್ಚಿ ಕಳಸಿದ್ರ ಒಪ್ಪಬ್ಯಾಡ್ರಿ, 600 ಕಿ.ಮೀ. ಲೋಡಿಗೆ ಅದು ಸಾಲೂದಿಲ್ಲ. ಟಯರ್ ಬಿಚ್ಚಿಸಿ ಒಳಗಿಂದ ಮಶ್ರೂಮ್ ಪ್ಯಾಚ್ (ತೂತು ತುಂಬೂ ಕಡ್ಡಿ, ಒಳಗ ಅಂಟೂ ತೇಪಿ ಎರಡೂ ಒಂದಾಗಿರೂದು) ಹಾಕಸ್ರಿ. ಬಿಚ್ಚಿದಾಗ ಒಳಗೋಡೆಗೆ ಕೈ ಆಡಸ್ರಿ. ಕರಿ ರಬ್ಬರ್ ಪುಡಿ ಕೈಗೆ ಬಂದ್ರ, ಇಲ್ಲಾ ಸುತ್ತಲೂ ಸುಕ್ಕಿನ ಗೆರಿ ಕಂಡ್ರ ಕಮ್ಮಿ ಗಾಳ್ಯಾಗ ಓಡಿ ಗೋಡೆ ಸತ್ತೈತಿ ಅಂತ. ಆಗ ಪ್ಯಾಚ್ ಬ್ಯಾಡ, ಟಯರ್ ಬದಲಿ. ಚಲೋ ಇದ್ರ ಪ್ಯಾಚ್ ಹಾಕಿ, ವಾಲ್ ಹೊಸದು ಹಾಕಿ, ಬ್ಯಾಲೆನ್ಸಿಂಗ್ ಮಾಡಿಸಿ, ಎರಡು ದಿನ ಬಿಟ್ಟು ತಣ್ಣಗ ಅಳೀರಿ. 36ಕ್ಕ 36 ನಿಂತಿತ್ತಂದ್ರ ಹೊರಡ್ರಿ.